ಅಂಥ ವಿಷಯದಲ್ಲಿ ನಗೋಕೆ ಏನಿದೆ ಅಂತ ಕೇಳೋರಿಗೆ

ನಂಗೆ ಪೋಲೆಂಡಿನ ನಾಟಕಗಳ ಹುಚ್ಚು ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಇದೇ, "ಅಲ್ಲಾ ಮಾರಾಯ್ರೆ, ಯಹೂದಿಗಳನ್ನ ಆ ಪಾಟಿ ಕೊಂದ ಜಾಗ ಅದು, ಅದನ್ನಿಟ್ಕೊಂಡು ಕಾಮಿಡಿ ಮಾಡ್ತಾರಾ?" ಮಾಡ್ತಾರೆ. ಯಾರನ್ನ ನೋಡಿ ನಗ್ತಾರೆ ಅನ್ನೋದು ಗೊತ್ತಾದ್ರೆ ಅರ್ಧ ಉತ್ತರ ಸಿಕ್ಕಂಗೆ.

ಮೊದ್ಲು ಒಂದು ಚಿತ್ರದ ಬಗ್ಗೆ ಹೇಳ್ತೀನಿ. ಅಲ್ಲಿ ಎಷ್ಟೋ ಮನೆ, ಅಂಗಡಿಗಳಲ್ಲಿ ಬಾಗಿಲ ಹತ್ರ ತೂಗುಹಾಕಿರ್ತಾರೆ, ಉದ್ದ ಗಡ್ಡದ ಯಹೂದಿ ಮುದುಕ ನಾಣ್ಯ ಎಣಿಸ್ತಾ ಕೂತಿರೋದು. ಮನೇಲಿ ದುಡ್ಡು ನಿಲ್ಲುತ್ತೆ ಅಂತ ನಂಬಿಕೆ. ಕೆಲವರಂತೂ ಶನಿವಾರ ಅದನ್ನ ತಲೆಕೆಳಗು ಮಾಡ್ತಾರೆ, ಮುದುಕ ವಾರವೆಲ್ಲ ಕೂಡಿಟ್ಟಿದ್ದು ಮನೆಯೊಳಗೆ ಉದುರ್ಲಿ ಅಂತ! ಎರಡನೇ ಮಹಾಯುದ್ಧಕ್ಕೆ ಮುಂಚೆ ಅಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ರು, ಹತ್ತು ಜನಕ್ಕೆ ಒಬ್ಬರು, ಅವರಲ್ಲಿ ಹೆಚ್ಚುಕಮ್ಮಿ 90% ಜನರನ್ನ ನಾಜಿಗಳು ಕೊಂದ್ರು. ಈಗ ಪಕ್ಕದ್ಮನೇಲಿ ಯಹೂದಿ ಇಲ್ಲ, ಗೋಡೆ ಮೇಲೆ ಇದಾನೆ. ಇದಕ್ಕಿಂತ ವಿಚಿತ್ರವಾದ ಸೀನ್ ಯಾವ ನಾಟಕಕಾರ ಬರೀಬೇಕು ಹೇಳಿ.

ಆರ್ತುರ್ ಪಾವಿಗಾ ಬರೆದ 'ಯಹೂದಿ' ಅನ್ನೋ ನಾಟಕ 2008ರಲ್ಲಿ ಬಂತು, ನಂಗೆ ಬಹಳ ಇಷ್ಟ. ಕಥೆ ಇಷ್ಟೇ, ಸಣ್ಣ ಊರಿನ ಶಾಲೆಗೆ ಇಸ್ರೇಲಿಂದ ಒಬ್ಬ ಹಳೇ ವಿದ್ಯಾರ್ಥಿ ಬರ್ತಾನಂತೆ, ಯಹೂದಿ, ಅಂದ್ಮೇಲೆ ದುಡ್ಡಿರತ್ತೆ, ಅಂದ್ಮೇಲೆ ಶಾಲೆಗೂ ಒಂದಿಷ್ಟು ಕೊಡಬಹುದು, ಅವನನ್ನ ಹೇಗೆ ಸ್ವಾಗತ ಮಾಡೋದು ಅಂತ ಮೇಷ್ಟ್ರುಗಳ ಮೀಟಿಂಗ್. ದಾನಿಗಳಿಗೆ ಸನ್ಮಾನ ಮಾಡೋ ಮೀಟಿಂಗಲ್ಲಿ ಒಮ್ಮೆ ಕೂತಿದ್ರೂ ಸಾಕು, ಆ ವಾತಾವರಣ ನಿಮಗೇ ಗೊತ್ತಾಗತ್ತೆ. ಎಲ್ಲರೂ ಒಳ್ಳೇ ಮಾತೇ ಆಡೋಕೆ ಹೊರಡ್ತಾರೆ, ಆದ್ರೆ ಬಾಯಿ ಬಿಟ್ಟಷ್ಟೂ ಒಳಗಿದ್ದಿದ್ದೆಲ್ಲ ಆಚೆ ಬರತ್ತೆ. ನೋಡೋರು ಮೇಷ್ಟ್ರುಗಳನ್ನ ನೋಡಿ ನಗ್ತಾ ನಗ್ತಾ, ಅಯ್ಯೋ ಈ ಮಾತು ನಮ್ಮನೆ ಊಟದ ಟೇಬಲ್ ಮೇಲೂ ಕೇಳಿದೀನಲ್ಲ ಅಂತ ಸುಮ್ಮನಾಗಬೇಕು. ಭಾಷಣ ಬಿಗಿದಿದ್ರೆ ತಲೆ ಆಡಿಸಿ ಮನೆಗೆ ಹೋಗ್ತಿದ್ರು ಅಷ್ಟೇ.

ಇನ್ನು ಹಾಸ್ಯ ಅಲ್ಲಿಗೆ ಹೊಸದೇನಲ್ಲ. ಯುದ್ಧಕ್ಕೆ ಮುಂಚಿನ ವಾರ್ಸಾ ಕ್ಯಾಬರೆಗಳಲ್ಲಿ, ಅಂದ್ರೆ ಹಾಡು, ಹಾಸ್ಯದ ಸಣ್ಣ ರಂಗಮಂದಿರಗಳಲ್ಲಿ, 'ಶ್ಮೊಂತ್ಸೆಸ್' ಅಂತ ಯಹೂದಿ ಶೈಲಿಯ ಜೋಕಿನ ಸ್ಕಿಟ್‌ಗಳಿದ್ವು, ಬರೀತಿದ್ದವರಲ್ಲಿ ತುಂಬಾ ಜನ ಯಹೂದಿಗಳೇ. ಕೊನ್ರಾಡ್ ಟೋಮ್ ಬರೆದ 'ಸೆಂಕ್' ಅದರಲ್ಲಿ ಫೇಮಸ್ಸು, ಇಬ್ಬರು ವ್ಯಾಪಾರಿಗಳ ಫೋನ್ ಮಾತುಕತೆ. ಸೆಂಕ್ ಅಂದ್ರೆ ಮರದಲ್ಲಿರೋ ಗಂಟು, ಜೊತೆಗೆ ವಿಷಯದಲ್ಲಿರೋ ತೊಡಕು, ನಮ್ಮ ಕಗ್ಗಂಟು ಇದ್ದಂಗೆ. 60ರ ದಶಕದಲ್ಲಿ 'ದುದೆಕ್' ಕ್ಯಾಬರೆಯವರು ಇದನ್ನ ಮತ್ತೆ ಆಡಿದ್ರು, ಜನ ಬಿದ್ದು ಬಿದ್ದು ನಕ್ಕಿದ್ರು. ಅದೇ ದಶಕದಲ್ಲೇ, 1968ರ ಜನವರಿಯಲ್ಲಿ ಕಮ್ಯುನಿಸ್ಟ್ ಸರ್ಕಾರ ಪೋಲೆಂಡಿನ ಮಹಾಕವಿ ಮಿಟ್ಸ್ಕಿಯೇವಿಚ್‌ನ 'ಜಾದಿ' ನಾಟಕ ನಿಲ್ಲಿಸ್ತು, ಸ್ಟೂಡೆಂಟ್ಸ್ ಬೀದಿಗಿಳಿದ್ರು, ಇದೆಲ್ಲ 'ಜಿಯೋನಿಸ್ಟ್'ಗಳ, ಅಂದ್ರೆ ಇಸ್ರೇಲ್ ಪರ ಯಹೂದಿಗಳ ಕಿತಾಪತಿ ಅಂತ ಸರ್ಕಾರದವರು ಅಂದ್ಬಿಟ್ರು, 13 ಸಾವಿರದಷ್ಟು ಯಹೂದಿಗಳು ದೇಶ ಬಿಡಬೇಕಾಯ್ತು. ಅಲ್ಲಿನ ಯಹೂದಿಗಳ ಭಾಷೆ ಯಿಡ್ಡಿಷ್, ಅದರ ರಂಗಭೂಮಿಯ ಮಹಾನ್ ನಟಿ ಇದಾ ಕಮಿನ್ಸ್ಕಾ ಕೂಡ ಹೊರಟೋದ್ರು. ಜೋಕಿಗೆ ಚಪ್ಪಾಳೆ, ಜೋಕಿನವರಿಗೆ ರೈಲು ಟಿಕೆಟ್ಟು.

ಹಾಗಂತ ಎಲ್ಲದಕ್ಕೂ ನಗು ಹೊಂದಲ್ಲ. 1941ರ ಜುಲೈ 10ರಂದು ಯೆಡ್ವಾಬ್ನೆ ಊರಲ್ಲಿ ಪೋಲಿಷ್ ಜನರೇ ತಮ್ಮೂರಿನ ಯಹೂದಿಗಳನ್ನ ಕೊಟ್ಟಿಗೆಗೆ ತುಂಬಿ ಸುಟ್ರು, ಜರ್ಮನ್ನರ ಪ್ರಚೋದನೆ ಇತ್ತು, ಕೈ ಮಾತ್ರ ಊರವರದ್ದೇ. ಸರ್ಕಾರಿ ತನಿಖೆ ಕೊಟ್ಟ ಲೆಕ್ಕದಲ್ಲೇ ಕಮ್ಮಿ ಅಂದ್ರೂ 340 ಜನ. ತಾದೆಉಷ್ ಸ್ವೊಬೊಜ್ಯಾನೆಕ್ ಇದನ್ನಿಟ್ಕೊಂಡೇ 'ನಮ್ಮ ಕ್ಲಾಸು' ಬರೆದ, ಪೋಲೆಂಡಿನ ದೊಡ್ಡ ಸಾಹಿತ್ಯ ಪ್ರಶಸ್ತಿ ನಿಕೆ ಒಂದು ನಾಟಕಕ್ಕೆ ಬಂದಿದ್ದು ಅದೇ ಮೊದಲು, 2010ರಲ್ಲಿ. ಹತ್ತು ಮಕ್ಕಳು, ಐದು ಜನ ಕ್ಯಾಥೊಲಿಕ್, ಐದು ಜನ ಯಹೂದಿ. ಶುರುವಾಗೋದೇ ದೊಡ್ಡವರಾದ್ಮೇಲೆ ಏನಾಗ್ತೀರ ಅನ್ನೋದ್ರಿಂದ, ಮಕ್ಕಳ ಪದ್ಯ, ಕುಣಿತ, ಸಖತ್ ಮಜಾ ಇರತ್ತೆ. ಅವರಲ್ಲಿ ಅಬ್ರಾಮ್ ಅನ್ನೋನು ಯುದ್ಧಕ್ಕೆ ಮುಂಚೆನೇ ಅಮೆರಿಕಕ್ಕೆ ಹೋಗಿಬಿಡ್ತಾನೆ, ಅಲ್ಲಿಂದ ಕ್ಲಾಸ್‌ಮೇಟ್‌ಗಳಿಗೆ ಪ್ರೀತಿಯಿಂದ ಕಾಗದ ಬರೀತಾನೆ, ತನ್ನ ಸುದ್ದಿ ಹೇಳಿ ಅವರ ಸುದ್ದಿ ಕೇಳ್ತಾನೆ. ಇತ್ತ ಊರಲ್ಲಿ ಏನು ನಡೀತಿದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.