ಸಮುದ್ರ ಬಿಡಿಸೋಕೆ ದಡದಲ್ಲೇ ಕೂತ್ಕೋಬೇಕಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾನು ಅಲೆ, ಬಂಡೆ, ದೋಣಿ ಅಂತ ಏನಾದ್ರೂ ಪೇಂಟ್ ಮಾಡಿ ತೋರಿಸಿದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಇದು ಬೀಚಲ್ಲಿ ಕೂತು ಮಾಡಿದ್ದಾ ಇಲ್ಲಾ ಫೋಟೋ ನೋಡಿ ಮಾಡಿದ್ದಾ ಅಂತ. ಎರಡೂ ಅಲ್ಲ, ಮನೇಲಿ ಕೂತು ನೆನಪಿನಿಂದ ಮಾಡಿದ್ದು ಅಂದ್ರೆ "ಓ, ಕಲ್ಪನೆನಾ" ಅಂದ್ಬಿಡ್ತಾರೆ. ಕಲ್ಪನೆ ಅಲ್ಲ ಮಾರಾಯ್ರೆ. ಇದಕ್ಕೆ ನಾನು ಯಾವಾಗ್ಲೂ ಸಮುದ್ರದ ಚಿತ್ರಗಳಿಗೇ ಹೆಸರಾದ ರಷ್ಯಾದ ಪೇಂಟರ್ ಐವಾಝೋವ್‌ಸ್ಕಿ ಕಥೆನೇ ಹೇಳೋದು, ಈ ಸಲ ಪೂರ್ತಿ ಬರೆದೇ ಬಿಡ್ತೀನಿ.

ಇವಾನ್ ಐವಾಝೋವ್‌ಸ್ಕಿ ಹುಟ್ಟಿದ್ದು 1817ರಲ್ಲಿ, ಕಪ್ಪು ಸಮುದ್ರದ ದಡದಲ್ಲಿರೋ ಕ್ರಿಮಿಯಾದ ಫಿಯೋದೋಸಿಯಾ ಅನ್ನೋ ಬಂದರು ಊರಲ್ಲಿ, ಒಂದು ಅರ್ಮೇನಿಯನ್ ಮನೇಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಆರ್ಟ್ ಅಕಾಡೆಮಿಲಿ ಓದಿ, ಗೋಲ್ಡ್ ಮೆಡಲ್ ತಗೊಂಡು, 1840ರಲ್ಲಿ ಇಟಲಿಗೆ ಹೋದ. ಕೊನೆಗೆ ಮಾಡಿದ ಚಿತ್ರಗಳ ಲೆಕ್ಕ ಸುಮಾರು 6000 ಅಂತಾರೆ, ಅದರಲ್ಲಿ ಬಹುಪಾಲು ಬರೀ ಸಮುದ್ರ.

ಇಟಲಿಲಿ ಒಂದು ಘಟನೆ ನಡೀತು, ನನ್ನ ಉತ್ತರದ ಮುಕ್ಕಾಲು ಭಾಗ ಇದೇ. ಸೊರೆಂತೋ ಅನ್ನೋ ಕಡಲ ದಡದ ಊರಲ್ಲಿ ದಿನಾ ಹೋಗಿ ಕೂತು, ಎದುರಿಗೆ ಕಂಡಿದ್ದನ್ನೇ ಮೂರು ವಾರ ತಿದ್ದಿ ತಿದ್ದಿ ಒಂದು ಚಿತ್ರ ಮಾಡಿದ. ಆಮೇಲೆ ಪಕ್ಕದ ವಿಕೋ ಅನ್ನೋ ಊರಿಗೆ ಹೋಗಿ ನೋಡಿದ್ದನ್ನ ನೆನಪಿಟ್ಕೊಂಡು ಬೇಗ ಬೇಗ ಎರಡು ಚಿತ್ರ ಮುಗಿಸಿದ. ಪ್ರದರ್ಶನದಲ್ಲಿ ಇಟ್ಟಾಗ ಜನ ಆ ಮೂರು ವಾರದ ಚಿತ್ರದ ಮುಂದೆ, ಹಾ ಇದು ನಮ್ಮೂರೇ ಅಲ್ವಾ ಅನ್ನೋ ಥರ ದಾಟ್ಕೊಂಡು ಹೋದ್ರಂತೆ, ನೆನಪಿನಿಂದ ಮಾಡಿದ ಎರಡರ ಮುಂದೆ ಗುಂಪು ಕಟ್ಟಿದ್ರಂತೆ. ಅವತ್ತಿಂದ ಇವನ ದಾರಿ ಗಟ್ಟಿ ಆಯ್ತು. ಮುಂದೆ ಇವನೇ ಹೇಳಿದ ಮಾತಿನ ತಾತ್ಪರ್ಯ ಇಷ್ಟೇ: ಮಿಂಚು, ಗಾಳಿ ಬೀಸಿದ ರಭಸ, ಅಲೆ ಒಡೆದು ಎರಚೋ ನೀರು ಇವನ್ನ ಎದುರಿಗೆ ಇಟ್ಕೊಂಡು ಬಿಡಿಸೋಕೆ ಆಗೋದೇ ಇಲ್ಲ, ಕುಂಚ ಎತ್ತೋಷ್ಟರಲ್ಲಿ ಅದು ಹೋಗಿರುತ್ತೆ. ನಿಜ ತಾನೇ? ಬೆಟ್ಟ ನಿಮಗೋಸ್ಕರ ಕಾಯುತ್ತೆ, ಅಲೆ ಯಾಕೆ ಕಾಯುತ್ತೆ.

ಆದ್ರೆ ನೆನಪು ಅಂದ ತಕ್ಷಣ ಪುಕ್ಸಟ್ಟೆ ಅಂದ್ಕೋಬೇಡಿ, ಇಲ್ಲೇ ಎಲ್ಲರೂ ಎಡವೋದು. ಅಕಾಡೆಮಿಲಿದ್ದಾಗಲೇ, 1836ರಲ್ಲಿ, ರಷ್ಯಾದ ಬಾಲ್ಟಿಕ್ ನೌಕಾಪಡೆ ಜೊತೆ ಹಡಗು ಹತ್ತಿ ಹೋಗಿದ್ದ, 1839ರಲ್ಲಿ ಕಪ್ಪು ಸಮುದ್ರದ ನೌಕಾಪಡೆ ಜೊತೆ ಓಡಾಡಿ ಅಲ್ಲಿನ ಅಡ್ಮಿರಲ್‌ಗಳ ಸ್ನೇಹ ಮಾಡ್ಕೊಂಡ, ಯಾವ ಹಗ್ಗ ಯಾವ ಹಾಯಿಗೆ ಅಂತ ಹಡಗಿನವರಷ್ಟೇ ಗೊತ್ತಿತ್ತು ಅನ್ಸುತ್ತೆ ಚಿತ್ರ ನೋಡಿದ್ರೆ. ಬಿಸ್ಕೇ ಕೊಲ್ಲಿಲಿ ಬಿರುಗಾಳಿಗೆ ಸಿಕ್ಕಿ ಇವನು ಸತ್ತೇ ಹೋದ ಅಂತ ಪೇಪರ್‌ನಲ್ಲೂ ಬಂದಿತ್ತು, ಇವನು ನೋಡಿದ್ರೆ ಭಯದ ಮಧ್ಯೆನೂ ಅಲೆ ನೋಡ್ತಾ ನಿಂತಿದ್ದನಂತೆ. ಜೊತೆಗೆ ಪೆನ್ಸಿಲ್ ಸ್ಕೆಚ್ ಬೇಕಾದಷ್ಟು ಮಾಡ್ತಿದ್ದ, ದಡದ ಆಕಾರ, ಬೆಟ್ಟದ ಗೆರೆ, ಹಡಗಿನ ಭಾಗ, ಅಂದ್ರೆ ನಿಂತಿರೋದೆಲ್ಲ ಕಾಗದಕ್ಕೆ, ಓಡೋದೆಲ್ಲ ತಲೆಗೆ. ಆಮೇಲೆ 1845ರಲ್ಲಿ ತನ್ನೂರಿಗೇ ವಾಪಸ್ ಬಂದು ಸಮುದ್ರದ ಪಕ್ಕದಲ್ಲೇ ಮನೆ ಕಟ್ಟಿಸ್ಕೊಂಡು, ಸ್ಟುಡಿಯೋ ಗೋಡೆ ಮಾತ್ರ ಖಾಲಿ ಬಿಟ್ಟು ಕೆಲಸಕ್ಕೆ ಕೂತ.

"ಒಂಬತ್ತನೇ ಅಲೆ" ಅನ್ನೋ 1850ರ ಚಿತ್ರ ನೀವು ನೋಡೇ ಇರ್ತೀರ, ಹೆಸರು ಗೊತ್ತಿಲ್ದೆ ವಾಲ್‌ಪೇಪರ್ ಆಗಿ ಆದ್ರೂ. 221 ಸೆಂಟಿಮೀಟರ್ ಎತ್ತರ, 332 ಅಗಲ. ರಾತ್ರಿ ಹಡಗು ಒಡೆದಿದೆ, ಮುರಿದ ಕೂವೆಮರ ಹಿಡ್ಕೊಂಡು ಒಂದಷ್ಟು ಜನ ತೇಲ್ತಿದ್ದಾರೆ, ಬೆಳಗಾಗ್ತಿದೆ, ದೊಡ್ಡ ಅಲೆ ಇನ್ನೇನು ಬೀಳುತ್ತೆ. ಅಲೆಯ ತುದಿ ಒಳಗಿಂದ ಹಸಿರಾಗಿ ಹೊಳೆಯುತ್ತಲ್ಲ, ಹಿಂದೆ ಲೈಟ್ ಇಟ್ಟಿದ್ದಾರೇನೋ ಅನ್ನೋ ಹಾಗೆ, ಅದು ಗ್ಲೇಜಿಂಗ್. ತಿಳಿ ಬಣ್ಣದ ಮೇಲೆ ತುಂಬ ತೆಳುವಾಗಿ ಪಾರದರ್ಶಕ ಬಣ್ಣ ಹಚ್ಚೋದು, ಒಣಗಿದ ಮೇಲೆ ಮತ್ತೊಂದು ಪದರ. ಬೆಳಕು ಆ ಪದರಗಳನ್ನ ದಾಟಿ ಕೆಳಗಿನ ತಿಳಿ ಬಣ್ಣಕ್ಕೆ ತಾಗಿ ವಾಪಸ್ ಬರುತ್ತೆ, ನೀರಲ್ಲಿ ಆಗೋದೂ ಹೆಚ್ಚು ಕಡಿಮೆ ಅದೇ. ಆಕಾಶನ ಮಾತ್ರ ಒಂದೇ ಸಿಟ್ಟಿಂಗ್‌ನಲ್ಲಿ, ಬಣ್ಣ ಒಣಗೋಕೆ ಮುಂಚೆ ಮುಗಿಸ್ತಿದ್ದ, ಇಲ್ಲಾಂದ್ರೆ ಒಂದ್ರೊಳಗೊಂದು ಕರಗಲ್ಲ. ಈಗ ಹೇಳಿ, ಗಾಳಿ ಬೀಸೋ ದಡದಲ್ಲಿ ಮರಳು ಹಾರ್ತಿರುವಾಗ ಅಷ್ಟು ದೊಡ್ಡ ಕ್ಯಾನ್ವಾಸ್ ನಿಲ್ಲಿಸ್ಕೊಂಡು ಪದರ ಪದರ ಒಣಗಿಸೋದು ಹೇಗೆ?

ನೆನಪಿನ ದಾರಿಲೂ ನಷ್ಟ ಇದೆ, ಅದನ್ನ ಮುಚ್ಚಿಡಲ್ಲ. ಇವನ ನೂರು ಚಿತ್ರ ಒಟ್ಟಿಗೆ ನೋಡಿ, ಅದೇ ಬೆಳದಿಂಗಳ ದಾರಿ, ಅದೇ ಗುಲಾಬಿ ಆಕಾಶ ತಿರುಗಿ ತಿರುಗಿ ಬರುತ್ತೆ, ಕೆಲವು ನಂಗಂತೂ ಬೇಜಾರು. ಮನುಷ್ಯರ ಆಕೃತಿ ಇವನ ಕೈಗೆ ಒಗ್ಗಲಿಲ್ಲ, 1877ರಲ್ಲಿ, ಕವಿ ಪುಷ್ಕಿನ್ ಸಮುದ್ರಕ್ಕೆ ವಿದಾಯ ಹೇಳೋ ಚಿತ್ರಕ್ಕೆ ಸಮುದ್ರ ಇವನು ಮಾಡಿ ಪುಷ್ಕಿನ್‌ನ ಇನ್ನೊಬ್ಬ ಪೇಂಟರ್ ಇಲ್ಯಾ ರೆಪಿನ್ ಕೈಲಿ ಮಾಡಿಸ್ದ. ವಯಸ್ಸಾದ ಮೇಲೆ ಜಂಬನೂ ಬಂತು, 1888ರಲ್ಲಿ ಭೇಟಿ ಮಾಡಿದ ಕಥೆಗಾರ ಚೆಕಾಫ್ ಒಂದು ಕಾಗದದಲ್ಲಿ ಬರೆದಿದ್ದಾನೆ, ಈ ಮನುಷ್ಯ ಪುಸ್ತಕನೇ ಓದಲ್ವಂತೆ, ನನಗೇ ಅಭಿಪ್ರಾಯಗಳಿರುವಾಗ ಓದೋದ್ಯಾಕೆ ಅಂತಾನಂತೆ! ಆದ್ರೆ ಅದೇ ಮನುಷ್ಯ ಅದೇ ಕಾಲಕ್ಕೆ ನೀರಿಲ್ದೆ ಒದ್ದಾಡ್ತಿದ್ದ ತನ್ನೂರಿಗೆ ತನ್ನ ಜಮೀನಿನ ಬುಗ್ಗೆ ನೀರು ಬಿಟ್ಟುಕೊಟ್ಟ, ದಿನಕ್ಕೆ 50,000 ಬಕೆಟ್. ಟರ್ಕಿಯ ಸುಲ್ತಾನರು ಕೊಟ್ಟಿದ್ದ ಪದಕಗಳನ್ನ, 1890ರ ದಶಕದಲ್ಲಿ ಅಲ್ಲಿ ಅರ್ಮೇನಿಯನ್ನರ ಹತ್ಯಾಕಾಂಡ ಆದಾಗ ಸಮುದ್ರಕ್ಕೆ ಎಸೆದ.

ನಮ್ಮ ಬೆಂಗಳೂರಿಗೂ ಇದರದ್ದೊಂದು ಸಣ್ಣ ಎಳೆ ಇದೆ ಗೊತ್ತಾ. ಇವನ ಹತ್ರ ಕೆಲಸ ಕಲೀತೀನಿ ಅಂತ ಫಿಯೋದೋಸಿಯಾಗೆ ಬಂದಿದ್ದ ಆರ್ಖಿಪ್ ಕುಯಿಂಜಿ ಅನ್ನೋ ಹುಡುಗನ ಕೈಲಿ ಬಣ್ಣ ಅರೆಸಿ, ಬೇಲಿಗೆ ಪೇಂಟ್ ಹೊಡೆಸಿ ಕಳಿಸಿದ್ರಂತೆ. ಆ ಹುಡುಗ ಮುಂದೆ ದೊಡ್ಡ ಲ್ಯಾಂಡ್‌ಸ್ಕೇಪ್ ಪೇಂಟರ್ ಆದ, ಅವನ ಶಿಷ್ಯ ಪೇಂಟರ್ ನಿಕೋಲಾಯ್ ರೋರಿಕ್, ಅವರ ಮಗ ಸ್ವೆತೊಸ್ಲಾವ್ ರೋರಿಕ್ ಕನಕಪುರ ರಸ್ತೆ ತಾತಗುಣಿ ಎಸ್ಟೇಟ್‌ನಲ್ಲಿ ಹೆಂಡತಿ, ನಟಿ ದೇವಿಕಾರಾಣಿ ಜೊತೆ ಇದ್ದವರು. ಚಿತ್ರಕಲಾ ಪರಿಷತ್ತಲ್ಲಿ ರೋರಿಕ್ ಗ್ಯಾಲರಿ ಇದೆ, ಆ ಆಕಾಶಗಳನ್ನ ಒಂದ್ಸಲ ಹೋಗಿ ನೋಡಿ.

ಹಾಗಾಗಿ ಕೇಳಿದವರಿಗೆ ನಾನು ಹೇಳೋದು, ಬೀಚಿಗೆ ಖಂಡಿತ ಹೋಗಿ, ಕ್ಯಾನ್ವಾಸ್ ನಿಲ್ಲಿಸೋ ಈಸೆಲ್ ಮನೇಲೇ ಬಿಡಿ, ಒಂದು ಪೆನ್ಸಿಲ್ ಸಾಕು. ಒಂದೇ ಜಾಗದ ಅಲೆನ ಬಂದಿದ್ದು, ಏರಿದ್ದು, ಒಡೆದಿದ್ದು, ನೊರೆ ಹಿಂದಕ್ಕೆ ಎಳ್ಕೊಂಡು ಹೋಗಿದ್ದು ಅಂತ ಬೇಜಾರಾಗೋವರೆಗೂ ನೋಡಿ. ಫೋಟೋ ಬೇಕಿದ್ರೆ ದೋಣಿದು ತಗೊಳ್ಳಿ, ಅಲೆದು ಬೇಡ, ಫೋಟೋದಲ್ಲಿ ಅಲೆ ಗಾಜಿನ ಥರ ಸೆಟೆದು ನಿಂತಿರುತ್ತೆ. ಮನೆಗೆ ಬಂದು ಅವತ್ತೇ ರಾತ್ರಿ ಶುರು ಮಾಡಿ, ಮೊದಲು ಆಕಾಶ.