ಹಾಸಿಗೆಯಿಂದ ಕುರ್ಚಿಗೆ, 5ನೇ ವಾರ: ಅಂತೂ ಎದ್ಲು

ನಮ್ಮ ಸ್ಟೇಜ್ ಪ್ರದರ್ಶನದ ರಿಹರ್ಸಲ್‌ನಲ್ಲಿ ಮೂರು ವಾರ ತಲೆ ತಿಂದ ಸೀನು ಇವತ್ತು ಕೂತ್ಕೊಳ್ತು. ವಾರ್ಮಪ್ಪು, ಲೈಟು, ಮೊದಲ ಹತ್ತು ನಿಮಿಷ ಎಲ್ಲ ಬಿಡಿ, ಹೇಳೋಂಥದ್ದೇನಿಲ್ಲ. ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಹೋಗಿರೋ ತಾಯಿನ ಮಗ ಮಂಚದಿಂದ ವೀಲ್‌ಚೇರಿಗೆ ಕೂರಿಸಬೇಕು, ಮಾತಿಲ್ಲ, ಮ್ಯೂಸಿಕ್ ಇಲ್ಲ, ಅಷ್ಟೇ ಸೀನು. ಮಗನ ಪಾತ್ರ ನಂದು, ತಾಯಿ ಪಾತ್ರ ನನ್ನ ಜೊತೆಗಾತಿದು.

ಗೋಳು ಏನಂದ್ರೆ, ಎಷ್ಟು ಸಲ ಮಾಡಿದ್ರೂ ಚೆಂದ ಕಾಣ್ತಿತ್ತು! ಇಬ್ರೂ ಕಾಂಟ್ಯಾಕ್ಟ್ ಇಂಪ್ರೋವೈಸೇಶನ್ (ಮೈಗೆ ಮೈ ತಾಗಿಸಿ, ಮೊದಲೇ ಹೊಂದಿಸದೆ ಮಾಡೋ ಡ್ಯಾನ್ಸ್) ಕಲಿತೋರು, 1972ರಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದಾಗಿಂದ ಅದರಲ್ಲಿ ಭಾರ ಕೊಡೋದು ತಗೊಳ್ಳೋದೇ ಪಾಠ, ಹಾಗಾಗಿ ನಾನು ಕೈ ಹಾಕೋ ಮುಂಚೆನೇ ಅವಳ ಹೊಟ್ಟೆ ಬಿಗಿಯಾಗಿ ಮೈ ಹೂವಿನ ಥರ ಮೇಲೆ ಬಂದ್ಬಿಡೋದು. ಸರಿ, ಪೂರ್ತಿ ಮೈ ಬಿಟ್ಬಿಡು ಅಂದೆ. ಮೂಟೆ ಎತ್ತಿದ ಹಾಗಾಯ್ತು, ಅಲ್ಲಿ ತಾಯಿನೇ ಇಲ್ಲ, ಮೇಲಾಗಿ ನನ್ನ ಸೊಂಟ ಹಿಡ್ಕೊಳ್ತು. ಆಮೇಲೆ ಫಿಸಿಯೋ ಹೇಳೋ ಕ್ರಮದಲ್ಲೇ ಮಾಡಿದ್ವಿ, ಕುರ್ಚಿ ಶಕ್ತಿ ಇರೋ ಎಡಗಡೆಗೆ, ಪಾದ ಹಿಂದಕ್ಕೆ, ಮೂಗು ಕಾಲ್ಬೆರಳ ನೇರಕ್ಕೆ ಬರೋವರೆಗೂ ಬಾಗಿಸಿ, ನನ್ನ ಮಂಡಿ ಅವಳ ಬಲಮಂಡಿಗೆ ಒತ್ತು ಕೊಟ್ಟು. ನೋಡಿದ ಗೆಳೆಯ ಟ್ರೇನಿಂಗ್ ವಿಡಿಯೋ ಚೆನ್ನಾಗಿದೆ ಅಂದ.

ಇದರ ಮಧ್ಯೆ ಮಂಚಕ್ಕೆ ಲಾಕ್ ಇರೋ ನಾಲ್ಕು ಚಕ್ರ ಆರ್ಡರ್ ಮಾಡಿದ್ರೆ ಎರಡಕ್ಕೆ ಲಾಕೇ ಇಲ್ಲ, ಕೇಳಿದ್ರೆ ಎರಡು ಸಾಕಲ್ವಾ ಸಾರ್ ಅಂತಾನೆ ಪುಣ್ಯಾತ್ಮ. ತಾಯಿ ಏಳೋಕೆ ಮುಂಚೆ ಮಂಚನೇ ಗಿರಕಿ ಹೊಡೀತಿತ್ತು.

ಕೊನೆಗೆ ನನ್ನ ಸ್ವಂತ ಅಮ್ಮನ ಎಡಗೈ ನೆನಪಾಯ್ತು. ನಾನು ಎತ್ತೋಕೆ ಹೋದಾಗೆಲ್ಲ ಅದು ಮಂಚದ ಕಂಬಿ ಹಿಡ್ಕೊಂಡು ಹಿಂದಕ್ಕೆ ಎಳೀತಿತ್ತು, ಏಳಬೇಕು ಅಂತ ಬಾಯಲ್ಲಿ ಅವರೇ ಹೇಳ್ತಿದ್ರೂ. ಬೀಳೋ ಭಯ ಅದು. ಇವತ್ತು ಅದನ್ನೇ ಹಾಕಿದ್ವಿ: ಒಂದೊಂದೇ ಬೆರಳು ಬಿಡಿಸ್ತೀನಿ, ನಾಲ್ಕನೇದು ಬಿಡಿಸೋ ಹೊತ್ತಿಗೆ ಮೊದಲನೇದು ವಾಪಸ್ ಕಂಬಿ ಮೇಲೆ. ಮೂರು ನಿಮಿಷ ಅದೇ ಕೆಲಸ. ನಮ್ಮ ಲೈಟಿನ ಹುಡುಗ ಮೊದಲು ನಕ್ಕ, ಆಮೇಲೆ ಸುಮ್ನಾದ.

ಮುಂದಿನ ಸೀನು ಪಾರ್ಕಿನ್ಸನ್ಸ್ ಕಾಯಿಲೆ ಮೇಲೆ, ಬಾಗಿಲ ಹತ್ರ ಬಂದ ತಕ್ಷಣ ಕಾಲು ನೆಲಕ್ಕೆ ಅಂಟ್ಕೊಳ್ಳುತ್ತಲ್ಲ, ನೆಲದ ಮೇಲೆ ಅಡ್ಡ ಗೆರೆ ಎಳೆದ್ರೆ ಎಷ್ಟೋ ಜನ ಅದನ್ನ ದಾಟಿ ನಡೆದೇಬಿಡ್ತಾರೆ. ಸ್ಟೇಜಲ್ಲಿ ಒಂದು ಬಾಗಿಲು, ಒಂದು ಟೇಪ್ ರೋಲು, ಸಾಕು. ಚಕ್ರ ಬೇಡ!

ಹಾಂ, ಆ ಕೈ ಕಂಬಿ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು ಅಂತ ನಾವು ಯೋಚಿಸೇ ಇರ್ಲಿಲ್ಲ. ಸೀದಾ ನನ್ನ ಅಂಗಿ ಹಿಡ್ಕೊಳ್ತು. ಎರಡು ಗುಂಡಿ ಹೋಯ್ತು, ನಾಳೆಯಿಂದ ಹಳೇ ಅಂಗಿ.