ಕಾಓರ್‌ಗೆ ಹೋದರೆ ವೈನ್ ಅಂಗಡಿಗಿಂತ ಮೊದಲು ಊಟದ ಜಾಗ ಹುಡುಕಿ

ಫ್ರಾನ್ಸಿನ ಲಾಟ್ ನದಿ ದಂಡೆಯ ಒಂದು ಪ್ರವಾಸಿ ಹಳ್ಳಿಯಲ್ಲಿ ಒಂದು ಗ್ಲಾಸ್ ಕಾಓರ್ ವೈನ್‌ಗೆ ನಮ್ಮ ಹತ್ತಿರ 9 ಯೂರೊ ವಸೂಲಿ ಮಾಡಿದರು. ಬಾಟಲಿ ಯಾವತ್ತು ತೆರೆದಿದ್ದೋ ಏನೋ, ಬಿಸಿಲು ಬೀಳುವ ಕಿಟಕಿ ಪಕ್ಕ ನಿಂತಿತ್ತು. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಬರೀ ಒಗರು. ಜೊತೆಗೆ ತಿನ್ನಲು ಒಂದು ಚೂರು ಬ್ರೆಡ್ಡೂ ಇಲ್ಲ. ಅಲ್ಲಿ ನಿಂತು ಕುಡಿದವರೆಲ್ಲ ಕಾಓರ್ ವೈನ್ ಅಂದರೆ ಇಷ್ಟೇ ಎಂದುಕೊಂಡು ಹೋಗುತ್ತಾರಲ್ಲ, ನನಗೆ ಅದೇ ಬೇಜಾರು. ಈ ವೈನ್ ಇರುವುದೇ ಊಟದ ಜೊತೆಗೆ.

ಕಾಓರ್ ಇರುವುದು ಫ್ರಾನ್ಸಿನ ನೈಋತ್ಯ ಭಾಗದಲ್ಲಿ. ತುಲೂಸ್‌ನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ತುಲೂಸ್‌ನ ವಿಮಾನ ಕಂಪನಿಗಳಲ್ಲಿ ಕೆಲಸಕ್ಕಿರುವ ನೆಂಟರ ಮನೆಗೆ ಹೋಗುವವರು ಈ ಊರಿಗೆಂದು ಒಂದು ದಿನ ಎತ್ತಿಡಿ. ಬುಧವಾರ ಇಲ್ಲವೇ ಶನಿವಾರ ಬೆಳಿಗ್ಗೆ ಹೋದರೆ ಚರ್ಚಿನ ಮುಂದಿನ ಸಂತೆಯೂ ಸಿಗುತ್ತದೆ. ಭಾನುವಾರ ಬೇಡ.

ಇಲ್ಲಿನ ಕೆಂಪು ವೈನ್‌ನಲ್ಲಿ ಕನಿಷ್ಠ ಶೇ. 70ರಷ್ಟು ಮಾಲ್ಬೆಕ್ ದ್ರಾಕ್ಷಿ ಇರಲೇಬೇಕು. ಉಳಿದದ್ದು ಮೆರ್ಲೋ ಅಥವಾ ತಾನಾ ಎಂಬ ದ್ರಾಕ್ಷಿ. ಬಣ್ಣ ಎಷ್ಟು ಗಾಢ ಅಂದರೆ ಹಿಂದಿನಿಂದಲೂ ಇದಕ್ಕೆ ಕಪ್ಪು ವೈನ್ ಅನ್ನುವ ಹೆಸರಿದೆ. ಅರ್ಜೆಂಟೀನಾದ ಮಾಲ್ಬೆಕ್ ಈಗ ಎಲ್ಲರಿಗೂ ಗೊತ್ತು, ಆದರೆ ಆ ಬಳ್ಳಿ ಅಲ್ಲಿಗೆ ಹೋಗಿದ್ದು ಫ್ರಾನ್ಸಿನಿಂದಲೇ. 1956ರ ಫೆಬ್ರವರಿಯ ಕೊರೆಯುವ ಚಳಿಗೆ ಇಲ್ಲಿನ ತೋಟಗಳು ಬಹುಪಾಲು ಸತ್ತುಹೋದವು. ರೈತರು ಮತ್ತೆ ಬಳ್ಳಿ ನೆಟ್ಟು, 1971ರಲ್ಲಿ ಈ ವೈನ್ ಅನ್ನು ಪ್ರದೇಶದ ಹೆಸರಿನಲ್ಲೇ ಮಾರಲು ಸರ್ಕಾರದ ಮಾನ್ಯತೆ ಪಡೆದರು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ಹಳಸಲು ಮಾಡಿ ಮಾರಬಾರದು.

ತೋಟ ನೋಡಲು ಬಸ್ ನಂಬಿ ಹೊರಡುವವರು ಒಂದು ಮಾತು ಕೇಳಿ. ಕಣಿವೆಯ ಉದ್ದಕ್ಕೂ ಪ್ಯುಯಿ-ಲೆವೆಕ್ ಕಡೆಗೆ ಬಸ್ ಇದೆ. ಹೋಗುವಾಗ ಏನೂ ತೊಂದರೆ ಆಗಲಿಲ್ಲ. ವಾಪಸ್ ಬರುವ ಬಸ್ ಮಾತ್ರ ಬರಲೇ ಇಲ್ಲ. ನಿಲ್ದಾಣದ ಹಲಗೆಯಲ್ಲಿ ಸಮಯ ದೊಡ್ಡದಾಗಿತ್ತು. ಅದು ಶಾಲೆ ಇರುವ ದಿನ ಮಾತ್ರ ಓಡುವ ಬಸ್ ಎಂಬುದು ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿತ್ತು. ನೆರಳಿಲ್ಲ, ಕೂರಲು ಬೆಂಚಿಲ್ಲ, ಹತ್ತಿರದ ಅಂಗಡಿಗೂ ಮಧ್ಯಾಹ್ನದ ಬೀಗ. ಕೊನೆಗೆ ಟ್ಯಾಕ್ಸಿಗೆ 50 ಯೂರೊ ತೆತ್ತೆವು. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಬಾಡಿಗೆ ಕಾರೇ ವಾಸಿ, ಆದರೆ ಓಡಿಸುವವರು ವೈನ್ ಮುಟ್ಟುವಂತಿಲ್ಲ.

ಈಗ ಊಟದ ವಿಷಯ. ಕಾಓರ್‌ನ ಚರ್ಚಿನ ಹಿಂದಿನ ಓಣಿಯಲ್ಲಿ ಏಳೆಂಟು ಮೇಜಿನ ಒಂದು ಹೋಟೆಲ್. ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದಿದ್ದ ಊಟ ಮಾತ್ರ, 16 ಯೂರೊ. ಮೊದಲು ಸೂಪ್. ಪಕ್ಕದ ಮೇಜಿನ ಅಜ್ಜ ತಟ್ಟೆಯ ತಳದಲ್ಲಿ ಸ್ವಲ್ಪ ಸೂಪ್ ಉಳಿಸಿ, ಅದಕ್ಕೆ ತನ್ನ ಗ್ಲಾಸಿನ ವೈನ್ ಸುರಿದು, ಒಮ್ಮೆ ಅಲ್ಲಾಡಿಸಿ, ತಟ್ಟೆಯನ್ನೇ ಎತ್ತಿ ಕುಡಿದರು. ಇದಕ್ಕೆ ಶಾಬ್ರೊ ಅನ್ನುತ್ತಾರೆ. ನಾನೂ ಮಾಡಿದೆ, ಬಡಿಸುವಾಕೆಗೆ ಖುಷಿಯಾಯಿತು. ಆಮೇಲೆ ಬಂತು ಬಾತುಕೋಳಿಯ ಕಾಲು, ಕಾನ್ಫಿ. ಉಪ್ಪು ಹಚ್ಚಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಚರ್ಮ ಗರಿಗರಿ, ಒಳಗಿನ ಮಾಂಸ ಫೋರ್ಕ್ ತಾಕಿದರೆ ಬಿಟ್ಟುಕೊಳ್ಳುತ್ತದೆ. ಜೊತೆಗೆ ಅದೇ ಕೊಬ್ಬಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆ. 25 ಸೆಂಟಿಲೀಟರ್ ವೈನ್ ಹೂಜಿಗೆ 5 ಯೂರೊ. ಒಂದು ತುತ್ತು, ಒಂದು ಗುಟುಕು. ಒಗರು ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ, ಕಪ್ಪು ಹಣ್ಣಿನ ರುಚಿ ಬಾಯಿ ತುಂಬಿತು. ವೈನ್‌ನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ. ಮಾಂಸ, ಕೊಬ್ಬು ಇದ್ದರೆ ಆ ಹಿಡಿತ ಸಡಿಲವಾಗುತ್ತದೆ. ಬ್ರೆಡ್ಡಿಗೂ ನೀರಿಗೂ ದುಡ್ಡಿಲ್ಲ, ಟಿಪ್ಸ್ ಕೊಡಲೇಬೇಕು ಅಂತಲೂ ಇಲ್ಲ. ಹನ್ನೆರಡೂವರೆಗೇ ಹೋಗಿ, ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತಾರೆ.

ಸಸ್ಯಾಹಾರಿಗಳಿಗೆ ಇಲ್ಲಿ ಸುಲಭವಿಲ್ಲ. ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲಿ ಹುರಿಯುತ್ತಾರೆ, ಸಲಾಡ್‌ನಲ್ಲೂ ಮಾಂಸದ ತುಂಡು ಇರಬಹುದು. ಕೇಳಿಯೇ ತರಿಸಿ. ರೊಕಮದೂರ್ ಮೇಕೆ ಚೀಸ್ ಹಾಕಿದ ಸಲಾಡ್ ಬಹಳ ಕಡೆ ಸಿಗುತ್ತದೆ, ಆದರೆ ಅದರಲ್ಲಿ ಹಾಲು ಹೆಪ್ಪುಗಟ್ಟಿಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಮೆತ್ತಗಿನ ಆ ಚೀಸ್‌ಗೆ ಬಿಳಿ ವೈನೇ ಸರಿ ಅನ್ನಿಸಿತು. ಮೊಟ್ಟೆ ತಿನ್ನುವವರಾದರೆ ಶರತ್ಕಾಲದಲ್ಲಿ ಬರುವ ಸೆಪ್ ಅಣಬೆಯ ಆಮ್ಲೆಟ್ ಕೇಳಿ, ಕಾಓರ್ ವೈನ್‌ಗೆ ಅದು ಚೆನ್ನಾಗಿ ಹೊಂದುತ್ತದೆ. ಖಾರದ ಜೊತೆ ಮಾತ್ರ ಬೇಡ, ಉರಿಯೂ ಒಗರೂ ಎರಡೂ ಹೆಚ್ಚಾಗುತ್ತವೆ.

ಬಾಟಲಿ ತರುವುದಿದ್ದರೆ ತೋಟದವರ ಹತ್ತಿರವೇ ಕೊಳ್ಳಿ, ಮೊದಲು ರುಚಿ ನೋಡಲು ಕೊಡುತ್ತಾರೆ. ಈ ವರ್ಷವೇ ಕುಡಿಯುವುದಾದರೆ ನದಿ ಪಕ್ಕದ ತೋಟಗಳದ್ದು ಕೇಳಿ, ಅದು ಸ್ವಲ್ಪ ಮೃದು. ಮೇಲಿನ ಸುಣ್ಣಕಲ್ಲು ಬಯಲಿನದ್ದು ನಾಲ್ಕಾರು ವರ್ಷ ಇಡುವವರಿಗೆ. ಬೆಂಗಳೂರಿಗೆ ಬರುವಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ, ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ. ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿಡಿ.